ಬಾಲವಿಲ್ಲದ ಪದ

ಶವಪೆಟ್ಟಿಗೆ ಸ್ಮಶಾನದ ಗೋಡೆಯ ಗೂಡಿನೊಳಗೆ ಮುಕ್ಕಾಲು ಪಾಲು ಹೋಗಿ ಸಿಕ್ಕಿಕೊಂಡಿತು. ಗಾರೆಯವರಿಬ್ಬರು ಹೆಗಲು ಕೊಟ್ಟು ನೂಕಿದರು. ಅದು ಕದಲಲಿಲ್ಲ.

“ಸ್ವಲ್ಪ ಎಡಕ್ಕೆ ತಿರುಗಿಸ್ರಪ್ಪ,” ಎಂದರು ಪಾದ್ರಿ ದೊನ್ ಸವೇರಿಯೊ.

“ಬಲಕ್ಕೆ, ಬಲಕ್ಕೆ,” ಎಂದ ಔಷಧಿ ಅಂಗಡಿಯ ಒಲಿಂದೊ.

“ಬದುಕಿದ್ದಾಗಲೂ ಹೀಗೇ. ಗಂಟೆ ಹೊಡೆದ್ರೂ ಮೇಷ್ಟ್ರು ತರಗತಿ ಬಿಟ್ಟು ಹೊರಡ್ತಿರ್ಲಿಲ್ಲ,” ಎಂದು ಹಿಂದಿನಿಂದ ಯಾರೋ ಗೊಣಗಿದರು. ನಾಲ್ಕು ಜನ ನಕ್ಕುಬಿಟ್ಟು, ಮೇಷ್ಟ್ರ ಹೆಂಡತಿ ಎದುರಿಗೇ ನಿಂತಿದ್ದಾಳೆಂದು ನೆನಪಾಗಿ ಕೆಮ್ಮಿದರು.

ಎರ್ಸಿಲಿಯಾಗೆ ಬೇಸರವಾಗಲಿಲ್ಲ. ಅವಳಿಗೂ ನಗು ಬಂದಿತ್ತು. ಮೂರು ದಿನದಿಂದ ಅವಳ ತಲೆಯೊಳಗೆ ಎಲ್ಲವೂ ಕಲಸುಮೇಲೋಗರವಾಗಿತ್ತು. ಅಳಬೇಕಾದಲ್ಲಿ ನಗು ಬರುತ್ತಿತ್ತು, ಪ್ರಾರ್ಥನೆಯ ನಡುವೆ ಹಸಿವಾಗುತ್ತಿತ್ತು. ಬೆಳಿಗ್ಗೆ ಪಕ್ಕದ ಮನೆಯವರು ಸೂತಕದ ಮನೆಗೆಂದು ಕೋಳಿ ಸಾರು ತಂದಿಟ್ಟರೆ, ಇವಳು ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಎರಡಕ್ಕೂ ಬಡಿಸಿ, ಆಮೇಲೆ ಎರಡನೆಯ ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಕೊನೆಗೂ ಪೆಟ್ಟಿಗೆ ಒಳಗೆ ಸರಿಯಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿತು. ಎಪ್ಪತ್ತೆಂಟು ವರ್ಷದ ಲ್ಯಾಟಿನ್ ಮೇಷ್ಟ್ರು ಕ್ವಿರೀನೊ ಬೆಲಾರ್ದಿ, ಪೊಜ್ಜಾಲ್ತೊ ಊರಿನ ಅರ್ಧ ಜನರನ್ನು ಒಂದಲ್ಲ ಒಂದು ವರ್ಷ ಫೇಲು ಮಾಡಿದ್ದ ಮನುಷ್ಯ, ಅವರೆಲ್ಲರ ಕಣ್ಣೆದುರೇ ಗೋಡೆಯ ಹಿಂದೆ ಮರೆಯಾದ.

ಇನ್ನು ಉಳಿದದ್ದು ಗೂಡಿನ ಬಾಯಿಗೆ ಕೂರಿಸುವ ಅಮೃತಶಿಲೆಯ ಚಪ್ಪಡಿ. ಅದನ್ನು ಕೆತ್ತಿದ ಕಲ್ಲುಕುಟಿಗ ನಜ್ಜರೇನೊ ಕೈಗಾಡಿಯ ಪಕ್ಕದಲ್ಲಿ ಟೋಪಿ ಹಿಸುಕುತ್ತ ನಿಂತಿದ್ದ. ಚಪ್ಪಡಿಯ ಮೇಲೆ ಗೋಣಿ ಹೊದಿಸಿದ್ದ.

“ಅಮ್ಮಾ, ಒಂದು ಮಾತು ಕೇಳ್ಬೇಕಿತ್ತು,” ಎಂದ.

“ಕೇಳಪ್ಪ.”

“ಇಲ್ಲೇ ಕೇಳ್ಲಾ, ಎಲ್ಲರ ಮುಂದೆ?”

“ನನ್ನ ಹತ್ರ ಗುಟ್ಟು ಏನಿದೆ, ಕೇಳು.”

ಅವನು ಗೋಣಿ ಎಳೆದ. ಮೇಲೆ ಹೆಸರು, ಅದರ ಕೆಳಗೆ ಹುಟ್ಟಿದ ವರ್ಷ, ಸತ್ತ ವರ್ಷ. ಇನ್ನೂ ಕೆಳಗೆ ಒಂದು ಸಾಲು. ಆ ಸಾಲು ಅರ್ಧಕ್ಕೆ ನಿಂತಿತ್ತು. ಮುಂದೆ ಬರಿಯ ಬಿಳಿ ಕಲ್ಲು.

“ಉಕ್ಸೋರೆ ಇಂದಿನ್ಯ್...” ಒಲಿಂದೊ ಬಗ್ಗಿ ಓದಿದ. “ಏನಯ್ಯಾ ಇದು? ಉಳಿದದ್ದೆಲ್ಲಿ?”

“ಅದನ್ನೇ ಕೇಳೋಣ ಅಂತ. ಮೇಷ್ಟ್ರು ಜನವರಿಯಲ್ಲಿ ಅಂಗಡಿಗೆ ಬಂದು ತಮ್ಮ ಕಲ್ಲಿಗೆ ತಾವೇ ಹೇಳಿ ಹೋದ್ರು. ಈ ಚೀಟಿ ಕೊಟ್ರು. ನೋಡಿ, ಕೊನೇ ಪದಕ್ಕೆ ಬಾಲಾನೇ ಇಲ್ಲ. ಕೈ ನಡುಗಿ ಗೀಟು ಹಂಗೇ ಸೊಟ್ಟಗೆ ಹೋಗ್ಬಿಟ್ಟಿದೆ. ಹೋದ ವಾರ ಮನೆಗೆ ಬಂದೆ, ಅಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ರಿ.”

“ಅವರ ಹತ್ರಾನೇ ಕಲಿತವನಲ್ವೇನೋ ನೀನು? ಒಂದು ಬಾಲ ಹಾಕೋಕೆ ಬರಲ್ವಾ?” ಎಂದ ಒಲಿಂದೊ.

“ಕಲಿತಿದ್ದೀನಿ, ಎರಡು ಸಲ ಫೇಲಾಗಿದ್ದೀನಿ. ಎರಡು ಸಲವೂ ಬಾಲ ತಪ್ಪಿ. ಕಾಗದದ ಮೇಲಾದ್ರೆ ನೀಲಿ ಗೀಟು ಬೀಳ್ತಿತ್ತು, ಮುಗೀತು. ಕಲ್ಲಿನ ಮೇಲೆ ತಪ್ಪಿದ್ರೆ ಯಾರಪ್ಪ ಅಳಿಸ್ತಾನೆ?”

ನೀಲಿ ಗೀಟು ಅಂದಕೂಡಲೇ ಅಲ್ಲಿದ್ದ ನಡುವಯಸ್ಸಿನವರೆಲ್ಲ ಮುಖ ಹಿಂಡಿದರು. ಮೇಷ್ಟ್ರ ಪೆನ್ಸಿಲಿಗೆ ಎರಡು ತಲೆ. ಕೈತಪ್ಪಿಗೆ ಕೆಂಪು, ಕ್ಷಮೆಯಿಲ್ಲದ ತಪ್ಪಿಗೆ ನೀಲಿ. ಪದದ ಬಾಲ, ಅಂದರೆ ಕೊನೆಯ ಪ್ರತ್ಯಯ, ತಪ್ಪಿದರೆ ಯಾವಾಗಲೂ ನೀಲಿಯೇ.

ಅಷ್ಟರಲ್ಲಿ ಮೇಷ್ಟ್ರ ಅಕ್ಕ ಆರ್ಜಿಯಾ ಊರುಗೋಲು ಕುಟ್ಟುತ್ತ ಮುಂದೆ ಬಂದಳು. ಎಂಬತ್ತೊಂದು ವಯಸ್ಸು, ನೋಟರಿಯ ಮಗಳು, ಬೆನ್ನು ಇನ್ನೂ ನೆಟ್ಟಗೆ. ಕನ್ನಡಕ ಏರಿಸಿ ಓದಿದಳು.

“ಉಕ್ಸೋರೆ ಅಂದ್ರೆ ಹೆಂಡತಿ. ಆಮೇಲಿನದು...” ಅಷ್ಟಕ್ಕೇ ನಿಲ್ಲಿಸಿದಳು.

ಆಮೇಲಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ಸಾವಿರ ವರ್ಷದಲ್ಲಿ ಆ ಪದ ಒಂದು ಸ್ವರವನ್ನಷ್ಟೇ ಬದಲಿಸಿಕೊಂಡಿದೆ, ಊರ ಆಡುಮಾತಿನಲ್ಲಿ ಈಗಲೂ ಓಡಾಡುತ್ತದೆ. ಯೋಗ್ಯತೆಯಿಲ್ಲದ. ಹೆಂಡತಿ, ಯೋಗ್ಯತೆಯಿಲ್ಲದ. ಜನ ಒಬ್ಬೊಬ್ಬರಾಗಿ ಕಲ್ಲಿನಿಂದ ಕಣ್ಣು ತೆಗೆದು ಎರ್ಸಿಲಿಯಾಳನ್ನು ನೋಡತೊಡಗಿದರು.

ಅವಳು ಆರ್ಜಿಯಾಳನ್ನು ನೋಡುತ್ತಿದ್ದಳು. ಈ ಪದವನ್ನು ಅವಳು ಆ ಬಾಯಿಂದಲೇ ಕೇಳಿದ್ದಳು.

*

ಸಾವಿರದ ಒಂಬೈನೂರ ಎಪ್ಪತ್ತೈದು, ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ. ಬೆಲಾರ್ದಿ ಮನೆಯಲ್ಲಿ ಮಧ್ಯಾಹ್ನದ ಊಟ. ಬ್ರೆಡ್ಡು ಸುಡುವ ಒಲೆಯಂಗಡಿಯವನ ಮಗಳು ಎರ್ಸಿಲಿಯಾ ಆ ಮನೆಗೆ ಅಲ್ಲಿಯವರೆಗೆ ಹೋಗಿದ್ದದ್ದು ಹಿತ್ತಲ ಬಾಗಿಲಿಗೆ, ಬ್ರೆಡ್ಡಿನ ಬುಟ್ಟಿ ಹೊತ್ತು. ಅವತ್ತು ಮುಂಬಾಗಿಲಿಂದ ಹೋದಳು. ಎರಡು ಸಲ ಕೈ ತೊಳೆದಿದ್ದರೂ ಉಗುರಿನೊಳಗೆ ಹಿಟ್ಟಿತ್ತು. ಇಡೀ ಊಟದಲ್ಲಿ ಬೆರಳು ಮಡಿಸಿಕೊಂಡೇ ಕೂತಿದ್ದಳು.

ಕುರಿಮಾಂಸ ಮುಗಿದು ಹಣ್ಣು ಬಂತು. ಕ್ವಿರೀನೊನ ತಂದೆ ನೋಟರಿ ಸಾಹೇಬರು ಮಾತಿಗೆಂದು, “ಎಷ್ಟನೇ ತರಗತಿವರೆಗೆ ಓದಿದೀಯಮ್ಮ?” ಎಂದು ಕೇಳಿದರು.

“ಐದು.”

ಆರ್ಜಿಯಾ ಫೋರ್ಕನ್ನು ತಟ್ಟೆಯ ಮೇಲಿಟ್ಟಳು. ದನಿ ಏರಿಸಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು: “ನನ್ನ ತಮ್ಮನಿಗೆ ಯೋಗ್ಯತೆಯಿಲ್ಲದವಳು.”

ಕ್ವಿರೀನೊ ಪೀಚ್ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ. ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತಿತ್ತು. ಅವನು ತಲೆಯೆತ್ತುತ್ತಾನೆ, ಏನಾದರೂ ಅನ್ನುತ್ತಾನೆ ಎಂದು ಎರ್ಸಿಲಿಯಾ ಕಾದಳು. ಸಿಪ್ಪೆ ಪೂರ್ತಿ ಇಳಿಯಿತು. ಅವನು ಹಣ್ಣನ್ನು ನಾಲ್ಕು ಹೋಳು ಮಾಡಿ ತಿಂದ.

ಮರುವಾರ ಅವನು ಒಲೆಯಂಗಡಿಗೆ ಬಂದು ಒಂದು ಕಿಲೋ ಬ್ರೆಡ್ಡು ಕೊಂಡು, ಹೋಗದೆ ನಿಂತ. ಗಿರಾಕಿಗಳೆಲ್ಲ ಖಾಲಿಯಾದರೂ ನಿಂತೇ ಇದ್ದ. ಕಿವಿ ಕೆಂಪಾಗಿತ್ತು. “ಮೇ ತಿಂಗಳಲ್ಲಿ ಆಗಬಹುದಾ?” ಎಂದ. ಇವಳು ಆಗಬಹುದು ಎಂದಳು. ಆ ಭಾನುವಾರದ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ನಲವತ್ಮೂರು ವರ್ಷದಲ್ಲಿ ಮನೆಗೆ ಪೀಚ್ ಹಣ್ಣು ತರಲಿಲ್ಲ, ಅಷ್ಟೆ.

*

“ನೋಡಿ, ವ್ಯಾಕರಣದ ಪ್ರಕಾರ ಇದು ಬಹಳ ಸರಳ,” ಎಂದ ಒಲಿಂದೊ. ಮೇಷ್ಟ್ರ ತರಗತಿಯಲ್ಲಿ ಮೊದಲನೆಯವನಾಗಿದ್ದ ಅವನು ಅದನ್ನು ಔಷಧಿ ಕಟ್ಟಿಕೊಡುವಾಗಲೂ ನೆನಪಿಸುತ್ತಿದ್ದ. “ಉಕ್ಸೋರೆ ಅನ್ನೋದು ಲ್ಯಾಟಿನ್ನಿನ ಆರನೇ ವಿಭಕ್ತಿ, ಕೊನೆಯದು. ಪಕ್ಕದಲ್ಲಿ ಗುಣವಾಚಕ. ಅದೂ ಹೆಂಡತಿ ಜೊತೆಗೇ ಹೋಗುತ್ತೆ. ಇಂದಿನ್ಯಾ. ಆ ಅಂತ ಬಾಲ. ‘ಹೆಂಡತಿ ಯೋಗ್ಯತೆಯಿಲ್ಲದವಳಾಗಿರಲು’ ಅಂತ ಅರ್ಥ.”

“ಹೆಂಡತಿ ಹಾಗಿರಲು... ಏನಾಯ್ತು?” ನಜ್ಜರೇನೊ ಕೇಳಿದ.

“ಏನಾಯ್ತು ಅಂದ್ರೆ... ಇವರು ಸತ್ತರು.”

“ಥೂ! ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತರು ಮಾರಾಯ. ಔಷಧಿ ಕೊಟ್ಟವನು ನೀನೇ.”

ದೊನ್ ಸವೇರಿಯೊ ಕೈಯೆತ್ತಿದರು. ಅವರು ನಲವತ್ತು ದಾಟದ ಪಾದ್ರಿ, ಅವರ ಲ್ಯಾಟಿನ್ ನಾಲ್ಕು ಪ್ರಾರ್ಥನೆಗಿಂತ ಆಚೆಗೆ ಹೆಚ್ಚು ನಡೆದಿರಲಿಲ್ಲ. “ಹಾಗೇ ಅಂತ ಹೇಳೋಕಾಗಲ್ಲ. ಬಾಲ ‘ಉಸ್’ ಅಂತಾದ್ರೆ ಅದು ಗಂಡಸಿಗೆ ಹೋಗುತ್ತೆ. ಅಂದ್ರೆ ಒಳಗೆ ಮಲಗಿರೋರಿಗೆ. ಹೆಂಡತಿಗೆ ತಕ್ಕವನಲ್ಲದವನು ಅಂತ ಆಗುತ್ತೆ.”

“ಹಾಗಿದ್ರೆ ಹೆಂಡತಿ ಅನ್ನೋ ಪದ ಬದಲಾಗ್ಬೇಕಲ್ಲ?”

“ಇಲ್ಲ ಕಣಪ್ಪ, ಅದೇ ತೊಂದರೆ. ಆ ಪದ ಎರಡಕ್ಕೂ ಹಾಗೇ ಇರುತ್ತೆ. ನನಗೆ ನೆನಪಿರೋ ಮಟ್ಟಿಗೆ.”

“ನೆನಪಿರೋ ಮಟ್ಟಿಗೆ ಅಂತೆ,” ಒಲಿಂದೊ ಸಿಡುಕಿದ. ಆದರೆ ಬೆರಳು ಮಡಿಸಿ ಏನೋ ಎಣಿಸಿ ತಲೆಯಾಡಿಸಿದ. ಪಾದ್ರಿ ಹೇಳಿದ್ದು ಸರಿಯಿತ್ತು.

ಆಗ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಮೇಷ್ಟ್ರು ಅಂಥ ಮಾತು ಬರೆಯೋರಲ್ಲ ಎಂದು ಒಬ್ಬರು. ಮೇಷ್ಟ್ರು ಯಾರನ್ನೂ ಹೊಗಳಿದವರೂ ಅಲ್ಲ ಎಂದು ಇನ್ನೊಬ್ಬರು. ಜೀವಮಾನವಿಡೀ ಬಾಲಕ್ಕಾಗಿ ನಮ್ಮ ಪ್ರಾಣ ತಿಂದು ಕೊನೆಗೆ ತಾವೇ ಬಾಲ ಬಿಟ್ಟು ಹೋದರಲ್ಲ ಎಂದು ನಜ್ಜರೇನೊ. ಖಾಲಿ ಬಿಟ್ಟರೂ ನೋಡಲು ಚೆನ್ನಾಗಿಯೇ ಇದೆ ಎಂದರು ಪಾದ್ರಿ, ಗಡಿಯಾರ ನೋಡುತ್ತ. ಗಾರೆಯವರು ಸಿಮೆಂಟು ಕಲಸಿಟ್ಟು ಕಾಯುತ್ತಿದ್ದರು.

“ಇದರಲ್ಲಿ ಚರ್ಚೆ ಏನು?” ಆರ್ಜಿಯಾಳ ದನಿ ಎಲ್ಲರಿಗಿಂತ ಮೇಲೆದ್ದಿತು. “ನನ್ನ ತಮ್ಮ ಬದುಕಿದ್ದಾಗ ಮರ್ಯಾದೆಗೆ ಸುಮ್ಮನಿದ್ದ. ಕೊನೆಗೆ ಮನಸ್ಸಲ್ಲಿದ್ದದ್ದು ಬರೆದ. ಒಂದಕ್ಷರ ಹಾಕಯ್ಯ, ಮನೆಗೆ ಹೋಗೋಣ.”

ಇದೇ ಎರ್ಸಿಲಿಯಾ ನಲವತ್ಮೂರು ವರ್ಷ ಹೆದರಿದ್ದ ಮಾತು. ಅವನು ಅವತ್ತು ಸುಮ್ಮನಿದ್ದದ್ದು ಅಕ್ಕನ ಭಯಕ್ಕೋ, ಅಕ್ಕ ಹೇಳಿದ್ದು ನಿಜವೆಂದೋ? ಅವನ ಅಂಗಿ ತೊಳೆಯುವಾಗ, ಅವನಿಗೆ ಜ್ವರ ಬಂದಾಗ, ಅವನ ಜೊತೆ ಚರ್ಚಿಗೆ ನಡೆಯುವಾಗ ಈ ಒಂದು ಪ್ರಶ್ನೆ ಅವಳ ಬೆನ್ನಿಗಿತ್ತು. ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಈಗ ಉತ್ತರ ಕಲ್ಲಿನ ಮೇಲೆ ಬಂದು ಕೂತಿದೆ, ಅದೂ ಅರ್ಧ.

“ಆ ಚೀಟಿ ಕೊಡು ಇಲ್ಲಿ,” ಎಂದಳು.

ನಜ್ಜರೇನೊ ಕೊಟ್ಟ. ಚೌಕುಳಿ ಪುಸ್ತಕದಿಂದ ಹರಿದ ಹಾಳೆ, ಬರೆದ ಸಾಲು ಹೊರಗೆ ಬರುವಂತೆ ಅರ್ಧಕ್ಕೆ ಮಡಿಸಿದ್ದು. ಕ್ವಿರೀನೊನ ನಡುಗುವ ಅಕ್ಷರ. ಕೊನೆಯ ಪದದ ಮುಂದೆ ಆ ಸೊಟ್ಟ ಗೀಟು. ಎಲ್ಲರೂ ಕೈಜಾರಿದ್ದು ಎಂದುಕೊಂಡ ಗೀಟು. ಎರ್ಸಿಲಿಯಾ ಅದರ ಮೇಲೆ ತನ್ನ ಎರಡು ಬೆರಳು ಜೋಡಿಸಿ ಇಟ್ಟಳು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

*

ನಿವೃತ್ತಿಯಾದ ಮೇಲೆ ಅವನು ಅಡಿಗೆಮನೆಯ ಮೇಜಿನ ಮೇಲೆ ಪಾಠ ಹೇಳುತ್ತಿದ್ದ. ವಾರಕ್ಕೆ ಮೂರು ದಿನ ಮಕ್ಕಳು ಬರುತ್ತಿದ್ದರು. ಅವರಿಗೆ ಬಿಟ್ಟ ಸ್ಥಳ ತುಂಬುವ ಹಾಳೆಗಳನ್ನು ತಯಾರು ಮಾಡುವುದು ಗಂಡ ಹೆಂಡತಿಯ ಬೆಳಗಿನ ಕೆಲಸ. ಅವನ ಬಲಗೈ ಆಗಲೇ ನಡುಗುತ್ತಿತ್ತು. ಪದ ಅವನು ಬರೆಯುತ್ತಿದ್ದ, ಬಾಲ ಬಿಟ್ಟು. ಬಾಲದ ಜಾಗಕ್ಕೆ ಗೀಟು ಎಳೆಯುವುದು ಅವಳು, ಅಳತೆಪಟ್ಟಿ ಇಟ್ಟು.

“ಎರಡು ಬೆರಳಗಲ, ಎರ್ಸಿಲಿಯಾ. ಎಲ್ಲದಕ್ಕೂ ಒಂದೇ ಅಳತೆ.”

“ಯಾಕೆ, ಒಂದಕ್ಷರಕ್ಕೆ ಅಷ್ಟು ಜಾಗ?”

“ಜಾಗ ನೋಡಿ ಉತ್ತರ ಕದೀತಾರೆ ಕಣೆ, ಕಳ್ಳನನ್ಮಕ್ಕಳು.”

ಸರಿಯುತ್ತರವನ್ನು ಅವನು ಅದೇ ಹಾಳೆಯ ಬೆನ್ನಿಗೆ ಸಣ್ಣ ಪೆನ್ಸಿಲಲ್ಲಿ ಬರೆದಿಡುತ್ತಿದ್ದ. ಮಕ್ಕಳಿಗೆ ಅದು ಗೊತ್ತಿತ್ತು, ಆದರೆ ನಿಯಮ ಕಟ್ಟುನಿಟ್ಟು: ಮೊದಲು ಬರಿ, ಆಮೇಲೆ ತಿರುಗಿಸು. ಬರೆಯುವ ಮೊದಲು ತಿರುಗಿಸಿದವನ ಹಾಳೆಗೆ ನೀಲಿ ಗೀಟು.

ಹಾಳೆಯ ಮೊದಲ ಪರೀಕ್ಷೆ ಅವಳಿಗೇ. ಅವಳು ಅವರೆಕಾಯಿ ಬಿಡಿಸುತ್ತ ಕೂತಿರುವಾಗ ಅವನು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದ: “ದಿನ್ಯುಸ್‌ಗೆ ಏನು ಬೇಕು?”

“ಆರನೆಯದು.”

“ಭೇಷ್! ಈ ಕತ್ತೆಗಳಿಗಿಂತ ನೀನೇ ವಾಸಿ.”

ಅದೇನೆಂದು ತಿಳಿಯದೆ ಎಷ್ಟೋ ವರ್ಷ ಅವಳು ಹಾಗೇ ಉತ್ತರ ಕೊಟ್ಟಿದ್ದಳು. ಒಂದು ದಿನ ಕೇಳಿಯೇಬಿಟ್ಟಳು. “ಅಲ್ಲ, ಅದಕ್ಕೆ ಅರ್ಥ ಏನು?”

“ಯೋಗ್ಯ ಅಂತ. ಯಾತಕ್ಕೆ ಯೋಗ್ಯ ಅಂತೀವೋ ಆ ಪದಾನ ಆರನೇ ವಿಭಕ್ತಿಯಲ್ಲಿಡಬೇಕು. ಮೆಚ್ಚುಗೆಗೆ ಯೋಗ್ಯನಾದ ಸೈನಿಕ. ಮೆಚ್ಚುಗೆ ಆರನೆಯದು. ಅದೇ ಪದಕ್ಕೆ ಮುಂದೆ ‘ಇನ್’ ಸೇರಿಸಿದ್ರೆ ಉಲ್ಟಾ. ಯೋಗ್ಯತೆಯಿಲ್ಲದ. ಅದಕ್ಕೂ ಆರನೆಯದೇ.”

ಅವಳ ಕೈಯಿಂದ ಅವರೆಕಾಯಿ ಜಾರಿತು. ಅವನೂ ನಿಲ್ಲಿಸಿದ. ಬಾಯಿ ತೆರೆದ. ಹೊರಗೆ ಯಾರದೋ ಸ್ಕೂಟರು ಹೋಯಿತು, ಅದು ತಿರುವು ದಾಟುವವರೆಗೂ ಅವನ ಬಾಯಿ ತೆರೆದೇ ಇತ್ತು.

“ಬಾಲ ಮಾತ್ರ ಹುಷಾರು, ಎರ್ಸಿಲಿಯಾ,” ಎಂದ ಕೊನೆಗೆ. “ಯಾರಿಗೆ ಯೋಗ್ಯತೆಯಿಲ್ಲ ಅಂತ ಪದ ಹೇಳಲ್ಲ. ಬಾಲ ಹೇಳುತ್ತೆ.” ಅಷ್ಟು ಹೇಳಿ ಪೆನ್ಸಿಲಿನ ನೀಲಿ ತಲೆಯನ್ನು ಚೂಪು ಮಾಡತೊಡಗಿದ.

ಅವಳಿಗೆ ಅವತ್ತು ಕೆಟ್ಟ ಸಿಟ್ಟು ಬಂದಿತ್ತು. ಈ ಮನುಷ್ಯನಿಗೆ ವ್ಯಾಕರಣ ಬಿಟ್ಟರೆ ಬೇರೆ ನಾಲಿಗೆಯೇ ಇಲ್ಲವಲ್ಲ ಎಂದುಕೊಂಡು ಬೋಗುಣಿ ಎತ್ತಿಕೊಂಡು ಒಳಗೆ ಹೋಗಿದ್ದಳು.

*

ಈ ಗೀಟನ್ನು ಎಳೆದದ್ದು ಅವಳಲ್ಲ. ಮೊದಲ ಬಾರಿಗೆ ಅವನೇ ಎಳೆದಿದ್ದಾನೆ, ಅವಳಿಗೆ ಕಾಣದ ಹಾಗೆ, ಅಳತೆಪಟ್ಟಿಯಿಲ್ಲದೆ. ಅದಕ್ಕೇ ಸೊಟ್ಟ. ಆದರೆ ಎರಡು ಬೆರಳಗಲದ ಅಳತೆ ತಪ್ಪಿಸಿಲ್ಲ.

“ಇದು ಕೈಜಾರಿದ್ದಲ್ಲ,” ಎಂದಳು. “ಬಿಟ್ಟ ಸ್ಥಳ. ತುಂಬಬೇಕು.”

“ಯಾರು?” ನಜ್ಜರೇನೊ ಹೆದರಿ ಕೇಳಿದ.

“ನೀನಲ್ಲ. ಹೆದರಬೇಡ.”

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಉಕ್ಕಿದವು. ಆ ಹೊಸ ಇಟ್ಟಿಗೆ ಗೋಡೆಯ ಕಡೆ ತಿರುಗಿದಳು. “ಅಯ್ಯೋ ಪುಣ್ಯಾತ್ಮ, ಸತ್ತ ಮೇಲೂ ನನ್ನ ಕೈಲೇ ಹೇಳಿಸ್ಬೇಕಾ? ಒಂದು ಸಲ, ಒಂದೇ ಒಂದು ಸಲ ನಿನ್ನ ಬಾಯಲ್ಲಿ ಹೇಳೋಕಾಗ್ಲಿಲ್ವಾ?” ಜೋರಾಗಿಯೇ ಕೇಳಿದಳು. ಗಾರೆಯವರು ಟೋಪಿ ತೆಗೆದರು.

ಚೀಟಿಯ ಬೆನ್ನಿಗೆ ಉತ್ತರವಿದೆ ಎಂದು ಅವಳಿಗೆ ಗೊತ್ತಾಗಿತ್ತು. ಅಷ್ಟು ಜನರಲ್ಲಿ ಅವಳೊಬ್ಬಳಿಗೇ. ಹೆಬ್ಬೆರಳು ಮಡಿಕೆಯ ಅಂಚಿಗೆ ಹೋಯಿತು. ಬೆನ್ನಿಗೆ ಒಂದೇ ಅಕ್ಷರವಿದ್ದರೆ? ಆ ಒಂದು ‘ಆ’ ಇದ್ದರೆ? ಹೆಬ್ಬೆರಳನ್ನು ಹಿಂದೆ ತೆಗೆದಳು. ಮೊದಲು ಬರಿ, ಆಮೇಲೆ ತಿರುಗಿಸು.

ಅವನೇನು ಬರೆದಿದ್ದಾನೆಂದು ನಲವತ್ಮೂರು ವರ್ಷ ಕಾದದ್ದಾಯಿತು. ತಾನೇನು ಬರೆಯುತ್ತೇನೆಂದು ಅವಳು ಒಂದು ಸಲವೂ ತನ್ನನ್ನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು. ಬೆಳಗಿನ ನಾಲ್ಕಕ್ಕೆದ್ದು ಹಿಟ್ಟು ನಾದಿದ ಕೈ, ಅವನ ತಾಯಿಯ ಹಾಸಿಗೆ ಹುಣ್ಣು ತೊಳೆದ ಕೈ, ಅವನಿಗೆ ನಡುಕ ಬಂದ ಮೇಲೆ ಅವನ ಗೀಟು ಎಳೆದ ಕೈ. ಯೋಗ್ಯತೆಯಿಲ್ಲದ್ದು ಯಾವುದು ಇದರಲ್ಲಿ?

ನಜ್ಜರೇನೊನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕಿತ್ತುಕೊಂಡು ಕೈಗಾಡಿಯ ಪಕ್ಕ ಮಂಡಿಯೂರಿದಳು.

“ಏನು ಮಾಡ್ತಿದೀಯ?” ಆರ್ಜಿಯಾ ಕೂಗಿದಳು. “ಓದಿರೋದು ಐದನೇ ಕ್ಲಾಸು! ನಿನಗೇನು ಗೊತ್ತು ಲ್ಯಾಟಿನ್ನು?”

“ಐದನೆಯದು ಓದಿದೀನಿ ಅತ್ತಿಗೆ, ಆರನೆಯದು ಅವರ ಹತ್ರ ಕಲಿತೆ.”

ಕಲ್ಲು ತಣ್ಣಗಿತ್ತು. ಅವಳು ಅವಸರ ಮಾಡಲಿಲ್ಲ. ಉ ಬರೆದಳು. ಸ್ ಬರೆದಳು. ಒಲಿಂದೊ ಬಗ್ಗಿ ಓದಿ, ಎರಡು ಸಲ ತುಟಿಯಾಡಿಸಿ, “ಸರಿಯಾಗೇ ಇದೆ. ವ್ಯಾಕರಣಕ್ಕೆ ಏನೂ ತೊಂದರೆಯಿಲ್ಲ,” ಎಂದ ಸಣ್ಣ ದನಿಯಲ್ಲಿ.

“ತಮ್ಮನ ಗೋರಿಯ ಮೇಲೆ ತಮ್ಮನಿಗೇ ಬೈಗುಳ!” ಆರ್ಜಿಯಾ ಊರುಗೋಲು ಕುಟ್ಟಿದಳು. “ಇದನ್ನ ಅವನು ಬರೆದ ಅಂತ ಯಾರು ಹೇಳ್ತಾರೆ? ಬರೆದವಳು ನೀನು!”

“ಹೌದು. ಬರೆದವಳು ನಾನು,” ಎಂದಳು ಎರ್ಸಿಲಿಯಾ. ಆಗ ಚೀಟಿಯ ಮಡಿಕೆ ಬಿಡಿಸಿ ತಿರುಗಿಸಿದಳು.

ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಆರ್ಜಿಯಾಳ ಕೈಗೆ ಕೊಟ್ಟಳು.

ಆರ್ಜಿಯಾ ಕನ್ನಡಕ ಸರಿಮಾಡಿಕೊಂಡಳು. ಸಣ್ಣ ಪೆನ್ಸಿಲಲ್ಲಿ ಎರಡಕ್ಷರ: ಉಸ್. ಅದರ ಕೆಳಗೆ ಒಂದು ತಾರೀಕು: ೧೪ ಸೆಪ್ಟೆಂಬರ್ ೧೯೭೫. ತಾರೀಕಿನ ಕೆಳಗೆ ನೀಲಿ ಗೀಟು, ಒಂದರ ಮೇಲೊಂದು ಎರಡು, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.

“ಯಾವ ದಿನ ಅದು?” ಪಾದ್ರಿ ಕೇಳಿದರು.

ಆರ್ಜಿಯಾ ಕನ್ನಡಕ ತೆಗೆದು ಚೀಟಿಯನ್ನು ಹಿಂದಕ್ಕೆ ಚಾಚಿದಳು.

“ಒಂದು ಭಾನುವಾರ,” ಎಂದಳು ಎರ್ಸಿಲಿಯಾ. “ಊಟಕ್ಕೆ ಕರೆದಿದ್ರು.”

ನಜ್ಜರೇನೊ ಉಳಿಯನ್ನು ಅವಳು ಬರೆದ ಮೊದಲ ಅಕ್ಷರದ ಮೇಲಿಟ್ಟು ಸುತ್ತಿಗೆ ಎತ್ತಿದ. ಬಿಳಿ ಪುಡಿ ಹಾರಿ ಎರ್ಸಿಲಿಯಾಳ ಉಗುರಿನೊಳಗೆ ಹಿಟ್ಟಿನ ಹಾಗೆ ಕೂತಿತು. ಅವಳು ಬೆರಳು ಮಡಿಸಲಿಲ್ಲ. ಹೆಬ್ಬೆರಳಿಗೆ ನೀಲಿ ಹತ್ತಿಕೊಂಡಿತ್ತು, ಅದನ್ನೂ ಒರೆಸಲಿಲ್ಲ.